ಹಿಪ್ಪುನೇರಳೆಯ ಮೇಲೆ ಹರಡಿದ ನಾಲ್ಕು ಬಟ್ಟೆ

ಕೊರೊನಾ ಅಡಗಿದ ಮರುವರ್ಷದ ಬೇಸಿಗೆ. ಚಿಂತಾಮಣಿ, ಶಿಡ್ಲಘಟ್ಟದ ಮನೆ ಮತ್ತು ಅಂಗಡಿಗಳ ಕಿಟಕಿ ಗಾಜು ತೊಳೆಯುವುದು ಆಗ ನನ್ನ ಕೆಲಸ. ಈಗಲೂ ಅದೇ. ಊರಿಂದ ಊರಿಗೆ ಬಸ್ಸು, ಉಳಿದದ್ದೆಲ್ಲ ಕಾಲ್ನಡಿಗೆ. ಒಂದು ಮೊಪೆಡ್ ತಗೋಬಾರದೇ ಎಂದು ಬುದ್ಧಿ ಹೇಳುವವರಿಗೇನೂ ಕಡಿಮೆಯಿಲ್ಲ. ಎತ್ತರದ ಗಾಜು ಒರೆಸುವ ಎಂಟು ಅಡಿಯ ಕೋಲನ್ನು ಮೊಪೆಡ್ಡಿಗೆ ಅಡ್ಡ ಕಟ್ಟಿಕೊಂಡು ಸಂತೆ ಬೀದಿಯಲ್ಲಿ ಒಂದು ಸುತ್ತು ಬರಲಿ, ಆಮೇಲೆ ಮಾತಾಡೋಣ.

ಹೆಗಲ ಮೇಲೆ ಕೋಲು, ಕೈಯಲ್ಲಿ ಒಂದರೊಳಗೊಂದು ಕೂರಿಸಿದ ಎರಡು ಬಕೆಟ್. ಅದರೊಳಗೆ ರಬ್ಬರ್ ವೈಪರ್, ಬಣ್ಣ ಕೆರೆಯುವ ಬ್ಲೇಡು, ಸೋಪಿನ ನೀರಿನ ಬಾಟಲಿ, ಏಳು ಬಟ್ಟೆ. ಎಲ್ಲ ಸೇರಿ ಒಂಬತ್ತು ಕೆಜಿ. ಹೊತ್ತು ನಡೆಯುವವನಿಗೆ ಒದ್ದೆ ಬಟ್ಟೆಯಂಥ ಶನಿ ಬೇರೆ ಇಲ್ಲ, ಭಾರ ಎಲ್ಲ ಅದರದೇ. ಹಾಗಾಗಿ ಒಂದು ಕಡೆ ಒದ್ದೆಯಾದ ಬಟ್ಟೆಯನ್ನು ಮುಂದಿನ ಮನೆಯ ಬೇಲಿಯ ಮೇಲೋ ಗಿಡದ ಮೇಲೋ ಹರಡಿ, ಉಳಿದ ಬಟ್ಟೆಯಲ್ಲಿ ಅಲ್ಲಿಯ ಕೆಲಸ ಮುಗಿಸಿ, ಒಣಗಿದ್ದನ್ನು ಮಡಚಿಕೊಂಡು ಹೊರಡುತ್ತಿದ್ದೆ. ಹದಿನಾಲ್ಕು ವರ್ಷದಿಂದ ಹೀಗೇ. ಈ ಉಪಾಯದ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಆ ದಿನ ಬೆಳಿಗ್ಗೆ ಶಿಡ್ಲಘಟ್ಟದಲ್ಲಿ ಕೀಟನಾಶಕ ಮಾರುವ ಒಂದು ಅಂಗಡಿಯಲ್ಲಿ ಕೆಲಸ. ಬಾಟಲಿಯೊಂದು ಒಡೆದು ಔಷಧಿ ಶೋಕೇಸಿನ ಗಾಜಿಗೆಲ್ಲ ಸಿಡಿದಿತ್ತು. ಮಾಸ್ಕ್ ಕಟ್ಟಿಕೊಂಡು ನಾಲ್ಕು ಬಟ್ಟೆಯಲ್ಲಿ ಒರೆಸಿದೆ. ಒಂದು ಸಲ ನೀರಿಗೆ ಅದ್ದಿ ಹಿಂಡಿದೆ. ಅಷ್ಟಕ್ಕೇ ಶುದ್ಧವಾಯಿತು ಎಂದುಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು!

ಅಲ್ಲಿಂದ ಮೂರು ಕಿಲೋಮೀಟರ್ ನಡೆದು ಗಂಗಮ್ಮನವರ ಮನೆಗೆ ಹೋದೆ. ಅರವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡ ಮೇಲೆ ಒಬ್ಬರೇ ರೇಷ್ಮೆ ಹುಳು ಸಾಕುತ್ತಿದ್ದರು. ಮನೆಗೆ ಹೊಸದಾಗಿ ಬಣ್ಣ ಹೊಡೆಸಿದ್ದರು. ಕಿಟಕಿಗಳ ಮೇಲೆಲ್ಲ ಬಣ್ಣದ ಹನಿ. ನಾನು ಬಕೆಟ್ ಇಳಿಸುವ ಮೊದಲೇ ಹಿತ್ತಲ ಕಡೆ ಕೈ ತೋರಿಸಿ ಹೇಳಿದರು:

"ಹುಳದ ಮನೆ ಕಡೆ ಮಾತ್ರ ಕಾಲಿಡಬೇಡ ಕಣಪ್ಪ. ನಾಲ್ಕನೇ ಜ್ವರ ಎದ್ದಿವೆ."

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಕೊನೆಯ ಜ್ವರ. ಅದರಿಂದ ಎದ್ದ ಹುಳು ಒಂದು ವಾರ ಬಿಡದೆ ಸೊಪ್ಪು ತಿಂದು ಗೂಡು ಕಟ್ಟುತ್ತದೆ. ಬೀಡಿಯ ವಾಸನೆ, ಔಷಧಿಯ ಗಾಳಿ ಕೂಡ ಅದಕ್ಕಾಗದು. ಇದೆಲ್ಲ ನನಗೆ ಚೆನ್ನಾಗಿ ಗೊತ್ತು. ಹುಳದ ಮನೆಯತ್ತ ತಲೆ ಹಾಕಿಯೂ ಮಲಗಲಿಲ್ಲ. ಆದರೆ ಆ ನಾಲ್ಕು ಬಟ್ಟೆಯನ್ನು ಮನೆಯ ಪಕ್ಕದ ಹಿಪ್ಪುನೇರಳೆ ಗಿಡಗಳ ಮೇಲೆ ಹರಡಿದೆ. ಹುಳುಗಳು ತಿನ್ನುವುದು ಅದೇ ಸೊಪ್ಪನ್ನು.

ಎರಡು ಗಂಟೆಗೆ ಕೆಲಸ ಮುಗಿಸಿ, ಬಟ್ಟೆ ಮಡಚಿಕೊಂಡು ಹೊರಟೆ. ಎರಡೂವರೆಗೆ ಟಾರು ರಸ್ತೆಯ ಬಸ್ ನಿಲ್ದಾಣದಲ್ಲಿ ಕೂತು, ಮೇಲಿದ್ದ ಬಟ್ಟೆ ತೆಗೆದು ಮುಖ ಒರೆಸಿಕೊಂಡೆ. ಔಷಧಿಯ ವಾಸನೆ ಮೂಗಿಗೆ ರಪ್ಪನೆ ಬಡಿಯಿತು. ಬಟ್ಟೆ ಎಲ್ಲಿ ಒಣಗಿತ್ತು ಎಂಬುದು ಆಗ ನೆನಪಾಯಿತು.

ಫೋನ್ ಜೇಬಿನಲ್ಲೇ ಇತ್ತು, ಗಂಗಮ್ಮನವರ ನಂಬರೂ ಇತ್ತು. ತೆಗೆಯಲಿಲ್ಲ. ಈ ಸೀಮೆಯಲ್ಲಿ ಮನೆಗೊಂದು ಹುಳದ ಮನೆ. ಸುದ್ದಿ ಹಬ್ಬಿದರೆ ನನ್ನನ್ನು ಯಾರು ಹೊಸಿಲು ತುಳಿಯಲು ಬಿಡುತ್ತಾರೆ? ಅಷ್ಟು ಸೊಪ್ಪಿನಲ್ಲಿ ನಾಲ್ಕು ಬಟ್ಟೆ ಏನು ಮಹಾ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ಬಸ್ಸು ಹೋಯಿತು. ಇನ್ನೊಂದೂ ಹೋಯಿತು. ಹತ್ತಲಿಕ್ಕೂ ಮನಸ್ಸಾಗಲಿಲ್ಲ.

ಮೂರಕ್ಕೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಊಹೂಂ. ಸಾಮಾನೆಲ್ಲ ಅಲ್ಲೇ ಬಿಟ್ಟು ಓಡಿದೆ. ಗಂಗಮ್ಮ ಹುಳದ ಮನೆಯೊಳಗಿದ್ದರು. ನಾನು ದೂರದಲ್ಲೇ ನಿಂತು ಕೂಗಿದೆ:

"ಅಮ್ಮಾ, ಸೊಪ್ಪು ಹಾಕಬೇಡಿ! ಗಿಡದ ಮೇಲೆ ನನ್ನ ಬಟ್ಟೆ ಹಾಕಿದ್ದೆ, ಅದರಲ್ಲಿ ಔಷಧಿ ಇತ್ತು!"

ಕೈಯಲ್ಲಿ ಸೊಪ್ಪಿನ ಕಡ್ಡಿ ಹಿಡಿದೇ ಹೊರಗೆ ಬಂದರು.

"ಅಯ್ಯೋ ನಿನ್ನ ಕೈ ಸೇದೋಗ! ಯಾವ ಗಿಡ, ತೋರ್ಸು!"

ಮೂರು ಗಿಡ ತೋರಿಸಿದೆ. ನಾಲ್ಕನೆಯದು ಯಾವುದು ಎಂದು ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಹಾಗಾಗಿ ಆ ಪಕ್ಕದ ಎರಡು ಸಾಲಿನ ಸೊಪ್ಪನ್ನೂ ಬಿಡಬೇಕಾಯಿತು. ಹುಳದ ಮನೆಯ ಅಟ್ಟಣಿಗೆಯಲ್ಲಿ ಒಟ್ಟು ಆರು ಅಂಕಣ ಹುಳು. ಒಂದು ಅಂಕಣಕ್ಕೆ ಆ ಕಡೆಯಿಂದಲೇ ಕೊಯ್ದ ಸೊಪ್ಪು ಆಗಲೇ ಹಾಕಿ, ಹುಳು ತಿಂದೂ ಆಗಿತ್ತು. ಎರಡನೆಯದಕ್ಕೆ ಆಗಷ್ಟೇ ಹಾಕಿದ್ದನ್ನು ಗಂಗಮ್ಮ ಒಂದೊಂದೇ ಕಡ್ಡಿಯಾಗಿ ಎತ್ತಿ ಹೊರಗೆ ಎಸೆದರು. ಪಕ್ಕದ ತೋಟದವರು ಎರಡು ಹೊರೆ ಸೊಪ್ಪು ಕೊಟ್ಟರು. ಅದನ್ನು ನಾನೇ ಹೊತ್ತು ತಂದು ಅಂಗಳದಲ್ಲಿ ಇಳಿಸಿದೆ. ಗಂಗಮ್ಮ ಹೊರೆ ಬಿಚ್ಚಿ ಒಳಗೆ ಒಯ್ದರು.

ಮಾರನೆ ಬೆಳಿಗ್ಗೆ ಯಾರೂ ಕರೆಯದಿದ್ದರೂ ಹೋದೆ. ಐದು ಅಂಕಣ ಉಳಿದಿತ್ತು. ಮೊದಲನೆಯದರ ಹುಳುಗಳು ಹಸಿರು ನೀರು ಕಕ್ಕಿ, ಮೈ ಮುದುಡಿಕೊಂಡು ಸತ್ತು ಬಿದ್ದಿದ್ದವು. ಕೆಲವು ಇನ್ನೂ ತಲೆ ಎತ್ತಿ ಆಡಿಸುತ್ತಿದ್ದವು. ನನಗೆ ಅಳು ಬಂತು. ಅಲ್ಲಿ ಅಳುವ ಹಕ್ಕು ನನಗೆಲ್ಲಿತ್ತು? ಗುದ್ದಲಿ ಕೇಳಿ ಇಸಿದುಕೊಂಡು ಗುಂಡಿ ತೋಡಿದೆ. ಗಂಗಮ್ಮ ಗೋಣಿಯಲ್ಲಿ ಹುಳು ತಂದು ಸುರಿದರು, ಮೇಲೆ ಸುಣ್ಣ ಚೆಲ್ಲಿದರು.

ಮಣ್ಣು ಎಳೆಯುತ್ತಿದ್ದಾಗ ಕೇಳಿದರು: "ನಿನಗೆ ಗೊತ್ತಾಗಿದ್ದು ಎಷ್ಟು ಗಂಟೆಗೆ?"

ಸುಳ್ಳು ಹೇಳಬಹುದಿತ್ತು. "ಎರಡೂವರೆಗಮ್ಮ," ಅಂದೆ.

"ಫೋನ್ ಮಾಡಿದ್ದು?"

"ಮೂರಕ್ಕೆ."

ಅವರು ಖಾಲಿ ಗೋಣಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

"ಎರಡೂವರೇಲಿ ನಾನು ಜಗಲಿ ಮೇಲೆ ಕೂತಿದ್ದೆ ಕಣಪ್ಪ. ಫೋನು ಕೈಯಲ್ಲೇ ಇತ್ತು. ಇನ್ನೂ ಒಂದು ಎಲೆನೂ ಹಾಕಿರಲಿಲ್ಲ."

ಔಷಧಿ ಅಂಗಡಿಯ ಕೆಲಸಕ್ಕೆ ನಾನೀಗ ಬೇರೆಯೇ ಬಕೆಟ್, ಬೇರೆಯೇ ಬಟ್ಟೆ ಇಟ್ಟಿದ್ದೇನೆ. ಬಟ್ಟೆ ಒದ್ದೆಯಾಗಿದ್ದರೆ ಒದ್ದೆಯನ್ನೇ ಹೊರುತ್ತೇನೆ. ಅದನ್ನು ಯಾರು ಬೇಕಾದರೂ ಕಲಿಸಬಹುದಿತ್ತು. ಗಂಗಮ್ಮ ಕಲಿಸಿದ್ದು ಬೇರೆ. ಇಷ್ಟು ವರ್ಷದಲ್ಲಿ ಗಾಜು ಒಡೆದಿದ್ದೇನೆ, ಹೊಸ ಬಾಗಿಲಿಗೆ ಗೀರು ಹಾಕಿದ್ದೇನೆ; ಮುಂದೆಯೂ ಏನಾದರೂ ಎಡವಟ್ಟು ಆಗುತ್ತದೆ. ಆದಾಗ ಮೊದಲು ಫೋನ್ ಮಾಡುತ್ತೇನೆ. ಹೆದರುವುದೇನಿದ್ದರೂ ಆಮೇಲೆ.