ಹೊರಡುವ ಅಪ್ಪಣೆ

ನಮ್ಮ ಮುನ್‌ಸ್ಟರ್ ಊರಿನ ಮೇಜರ್ ಡೆಟ್ಲೆಫ್ ಹಾರ್ಮ್ಸ್ ಆಯುಷ್ಯವೆಲ್ಲ ಟ್ಯಾಂಕುಗಳನ್ನು ಮುನ್ನಡೆಸಿದವರು. ಕಾರು ಓಡಿಸಲು ಮಾತ್ರ ಕಲಿಯಲೇ ಇಲ್ಲ. ಅದು ಚಾಲಕನ ಕೆಲಸವಂತೆ. ಟ್ಯಾಂಕಿನಲ್ಲಿ ಅಧಿಕಾರಿ 'ಮಾರ್ಷ್' ಎನ್ನುವವರೆಗೆ ಚಾಲಕ ಕದಲುವಂತಿಲ್ಲ. ನಿವೃತ್ತರಾದ ಮೇಲೆ ಹೆಂಡತಿ ವೀಬ್ಕೆಯ ಕಾರಿನಲ್ಲೂ ಅದೇ ದರ್ಬಾರು.

"ಎಡಕ್ಕೆ ತಿರುಗು. ಮಾರ್ಷ್."

"ರೀ, ಇದು ಟ್ಯಾಂಕಲ್ಲ. ಸುಮ್ನೆ ಕೂತ್ಕೊಳ್ಳಿ, ಇಲ್ಲಾಂದ್ರೆ ಇಳಿದು ನಡ್ಕೊಂಡು ಬನ್ನಿ."

ಅವರು ತೀರಿಕೊಂಡಾಗ ಶವದ ಗಾಡಿ ಓಡಿಸಲು ಕೂತವನು ಅವರ ಹಳೆಯ ಟ್ಯಾಂಕ್ ಚಾಲಕ ಉವೆ. ಇಂಜಿನ್ ಗುರುಗುಡುತ್ತಿತ್ತು, ಗಾಡಿ ಮಾತ್ರ ಕದಲಲಿಲ್ಲ. ಪಾದ್ರಿಗಳು ಕೆಮ್ಮಿದರು. ವೀಬ್ಕೆ ಹೋಗಿ ಕಿಟಕಿ ತಟ್ಟಿದಳು.

"ಯಾಕಪ್ಪಾ ಉವೆ, ಏನಾಯ್ತು?"

"ಇನ್ನೂ ಅಪ್ಪಣೆ ಬಂದಿಲ್ಲಮ್ಮ."

ಅವಳು ಗಂಡನ ಪೆಟ್ಟಿಗೆಯತ್ತ ಒಮ್ಮೆ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡು, "ಮಾರ್ಷ್," ಎಂದಳು.

ಗಾಡಿ ಹೊರಟಿತು.