ಬಲರೆಕ್ಕೆಯ ಗಂಟು

ಮೊನ್ನೆ ಮೊಮ್ಮಗಳು ಜಗಲಿಯ ಮೇಲೆ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಸೀಸೆಯ ಮುಚ್ಚಳ ತೆರೆದದ್ದೇ ತಡ, ಕಳಿತ ಬಾಳೆಹಣ್ಣಿನಂಥ ಘಾಟು ಮೂಗಿಗೆ ಬಡಿಯಿತು. "ಮುಚ್ಚೇ ಅದನ್ನ" ಎಂದು ರೇಗಿದೆ. ಪಾಪ, ಅವಳಿಗೇನು ಗೊತ್ತು... ಐವತ್ತು ವರ್ಷದ ಹಿಂದೆ ನಮ್ಮ ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಇದೇ ವಾಸನೆ ತಿಂಗಳುಗಟ್ಟಲೆ ಅಡರಿತ್ತು. ಅಲ್ಲಿ ಒಬ್ಬರು ವಿಮಾನ ಕಟ್ಟುತ್ತಿದ್ದರು.

ಅವರನ್ನು ಊರೆಲ್ಲ ಫಿಟ್ಟರಯ್ಯ ಎನ್ನುತ್ತಿತ್ತು. ಮಿಲಿಟರಿ ವಿಮಾನಗಳನ್ನು ರಿಪೇರಿ ಮಾಡುವ ಫಿಟ್ಟರ್ ಆಗಿದ್ದು, ಹಾರಿಸುವುದನ್ನೂ ಕಲಿತಿದ್ದವರು ನಿವೃತ್ತರಾಗಿ, ಹೆಂಡತಿಯನ್ನು ಕರೆದುಕೊಂಡು ಪಿರಿಯಾಪಟ್ಟಣದ ಹತ್ತಿರದ ನಮ್ಮ ಹಳ್ಳಿಗೆ ಬಂದಿದ್ದರು. ಒಂದು ದಿನ ಕೆ.ಆರ್. ನಗರದ ರೈಲ್ವೆ ಸ್ಟೇಷನ್ನಿನಿಂದ ಲಾರಿಯಲ್ಲಿ ಉದ್ದುದ್ದ ಮರದ ಪೆಟ್ಟಿಗೆಗಳು ಬಂದಿಳಿದವು. ಒಳಗೆ ಪರದೇಶದ ವಿಮಾನದ ಬಿಡಿಭಾಗಗಳು, ಜೋಡಿಸುವ ಬಗೆ ತಿಳಿಸುವ ದಪ್ಪ ಪುಸ್ತಕ, ಸುರುಳಿ ಸುರುಳಿ ಬಟ್ಟೆ. ವಿಮಾನದ ರೆಕ್ಕೆ ಎಂದರೆ ತಗಡು ಎಂದುಕೊಂಡಿದ್ದೆ. ಇದರದ್ದು ಮರದ ಪಕ್ಕೆಲುಬುಗಳ ಮೇಲೆ ಬಟ್ಟೆ ಎಳೆದು ಹೊಲಿಯುವುದಂತೆ! ನಾನು ಹುಟ್ಟಾ ಅಂಜುಬುರುಕಿ. ಅಟ್ಟದ ಮೇಲಿನ ಮಡಕೆ ಇಳಿಸಲೂ ಗಂಡನನ್ನೇ ಏಣಿ ಹತ್ತಿಸುತ್ತಿದ್ದವಳು.

ಅಂಥವಳನ್ನೇ ಅವರು ಹೊಲಿಗೆಗೆ ಕರೆದರು. ಹೊಗೆಸೊಪ್ಪಿನ ಹಸಿ ಎಲೆಗಳನ್ನು ದಾರದಲ್ಲಿ ಕಡ್ಡಿಗೆ ಕಟ್ಟುವುದರಲ್ಲಿ ನನ್ನಷ್ಟು ಚುರುಕಿನ ಕೈ ಊರಿನಲ್ಲಿ ಇನ್ನೊಂದಿರಲಿಲ್ಲ. ಅದನ್ನು ಅವರು ನೋಡಿದ್ದರು. ರೆಕ್ಕೆಯನ್ನು ಗೋಡೆಯಂತೆ ನಿಲ್ಲಿಸಿ ಆಚೆ ಅವರು, ಈಚೆ ನಾನು. ಮೊಳದುದ್ದದ ಸೂಜಿಯನ್ನು ನಾನು ಚುಚ್ಚಿದರೆ ಅವರು ಆಚೆಯಿಂದ ಎಳೆದು, ಪಕ್ಕೆಲುಬನ್ನು ಬಳಸಿ ವಾಪಸ್ಸು ಚುಚ್ಚುತ್ತಿದ್ದರು. ಪ್ರತಿ ಸುತ್ತಿಗೂ ನಾನು ಒಂದು ಗಂಟು ಹಾಕಬೇಕು.

"ಒಂದು ಕಿತ್ರೂ ಪಕ್ಕದ್ದು ಇಡ್ಕಬೇಕು ಕಣವ್ವ. ಮ್ಯಾಲೆ ಓದಾಗ ಬಟ್ಟೆ ಎದ್ರೆ ನಾನು ಕಲ್ಲು ಬಿದ್ದಂಗೆ ಬೀಳ್ತೀನಿ" ಎನ್ನುತ್ತಿದ್ದರು, ನಗುನಗುತ್ತಲೇ. ಬಾಗಿಲಲ್ಲಿ ರಾಗಿ ಕೇರುತ್ತಾ ಕೂತ ಅವರ ಹೆಂಡತಿಯ ಕೈಯಲ್ಲಿ ಮೊರ ನಿಂತುಬಿಡುತ್ತಿತ್ತು.

ಹೊಲಿಗೆ ಮುಗಿದ ಮೇಲೆ ಗಂಟುಗಳು ಕಾಣದಂತೆ ಬಟ್ಟೆಯ ಪಟ್ಟಿ ಅಂಟಿಸಿ ಡೋಪು ಬಳಿದರು. ಆ ಬಾಳೆಹಣ್ಣಿನ ಘಾಟಿನ ಮೆರುಗೆಣ್ಣೆ ಒಣಗಿದರೆ ಬಟ್ಟೆ ಬಿಗಿಯಾಗುತ್ತಿತ್ತು. ಹಾರಿಸಲು ಎಂಟು ದಿನವಿದೆ ಎನ್ನುವಾಗ ನಾನು ಬ್ಯಾರನ್ನಿನ ಬಿಸಿಗೂಡಿನಲ್ಲಿ ಬೆಂದು ಒಣಗಿದ ಹೊಗೆಸೊಪ್ಪನ್ನು ಕಡ್ಡಿಯಿಂದ ಬಿಡಿಸುತ್ತಿದ್ದೆ. ಸೊಪ್ಪಿಗೆ ಹಾಕುವುದು ನಿಜವಾದ ಗಂಟಲ್ಲ, ಕುಣಿಕೆ. ತುದಿ ಹಿಡಿದು ಒಮ್ಮೆ ಜಗ್ಗಿದರೆ ಕಡ್ಡಿಯುದ್ದಕ್ಕೂ ಸರ್ರನೆ ಬಿಚ್ಚಿಕೊಂಡು ಸೊಪ್ಪೆಲ್ಲ ಉದುರುತ್ತದೆ. ಹಾಗೆ ಬಿಚ್ಚಿದ ದಾರ ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಪೊಲೀಸಿನವನು ವಿಮಾನದ ಬಗ್ಗೆ ವಿಚಾರಿಸಲು ಬಂದು ಫಿಟ್ಟರಯ್ಯ ಹೊರಗೆ ಹೋಗಿದ್ದ ದಿನ, ಎಡರೆಕ್ಕೆಯ ಒಂದು ಪಕ್ಕೆಲುಬನ್ನು ನಾನೊಬ್ಬಳೇ ಆಚೆಗೂ ಈಚೆಗೂ ಓಡಾಡಿ ಮುಗಿಸಿದ್ದೆ. ಆ ಅವಸರದಲ್ಲಿ ನನ್ನ ಕೈ ಹಾಕಿದ್ದು ಯಾವ ಗಂಟು?

ಓಡಿಹೋಗಿ ಹೇಳಿದೆ. ಹೊಡೆಯುತ್ತಾರೆ ಎಂದೇ ಅಂದುಕೊಂಡಿದ್ದೆ. ಅವರು ಬ್ಲೇಡು ತಂದು ಆ ಪಕ್ಕೆಲುಬಿನ ಮೇಲಿನ ಪಟ್ಟಿ ಸೀಳಿ, ದಾರದ ತುದಿ ಬಿಡಿಸಿ ನನ್ನ ಕೈಗೆ ಕೊಟ್ಟರು.

"ಎಳಿ."

ಎಳೆದೆ. ಸರ್ರನೆ ಬಂತು, ಮೇಲಿನಿಂದ ಕೆಳಗಿನವರೆಗೆ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಖಾಲಿ ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಆ ಮನುಷ್ಯ ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ತಲೆಯೆತ್ತಿ ಕೇಳಿದರು: "ಇನ್ನೆಲ್ಲಾದ್ರೂ ಇಂಗೇ ಆಕಿದ್ದೀಯೇನವ್ವ?"

ಅವರು ಜ್ವರ ಬಂದು ಮಲಗಿದ್ದ ದಿನ ಬಲರೆಕ್ಕೆಯ ತುದಿಯಿಂದ ಮೂರನೆಯ ಪಕ್ಕೆಲುಬನ್ನೂ ನಾನೊಬ್ಬಳೇ ಹೊಲಿದಿದ್ದೆ. ಹೇಗೆ ಹೊಲಿದೆ ಎಂಬುದು ನೆನಪಿಗೆ ಬರಲಿಲ್ಲ. ಡೋಪಿನ ಕೊನೆಯ ಡಬ್ಬ ಮೂಲೆಯಲ್ಲಿತ್ತು. ತಳದಲ್ಲಿ ಉಳಿದಿದ್ದು ಒಂದು ಪಕ್ಕೆಲುಬಿಗೆ ಸಾಲುವಷ್ಟೇ. ಇನ್ನು ಬೇಕೆಂದರೆ ಹಡಗಿನಲ್ಲಿ ಬರಬೇಕು. ಅದಕ್ಕಿಂತ ಹೆಚ್ಚಾಗಿ, ಆ ಮುಖವನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ.

"ಇಲ್ಲ ಕಣ್ರಯ್ಯ" ಅಂದೆ.

ಅವರು ಸೂಜಿಯನ್ನು ಮತ್ತೆ ನನ್ನ ಕೈಗೇ ಕೊಟ್ಟರು.

ಬೈಲಕುಪ್ಪೆ ದಾರಿಯ ಜೋಳದ ಹೊಲದಲ್ಲಿ ಕೊಯ್ಲು ಮುಗಿದಿತ್ತು. ಅಲ್ಲಿಂದಲೇ ಹಾರಿಸಿದರು. ನಮ್ಮೂರಿನವರ ಜೊತೆ ಟಿಬೆಟಿನವರೂ ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ಫಿಟ್ಟರಯ್ಯನ ಹೆಂಡತಿ ನನ್ನ ಕೈ ಹಿಡಿದುಕೊಂಡಿದ್ದರು, ಧೈರ್ಯಕ್ಕೆ. ಯಾರ ಧೈರ್ಯಕ್ಕೋ! ವಿಮಾನ ನೆಲ ಬಿಟ್ಟಾಗ ಎಲ್ಲರೂ ಕೂಗಿದರು. ನಾನು ಬಲರೆಕ್ಕೆ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಈಗ ಬಟ್ಟೆ ಏಳುತ್ತದೆ, ಈಗ ಏಳುತ್ತದೆ... ಪಕ್ಕದಲ್ಲಿ ನಿಂತ ಈ ತಾಯಿಗೆ ನಾನು ಏನೆಂದು ಹೇಳಲಿ? ಕೆರೆಯ ಮೇಲೆ ಒಂದು ಸುತ್ತು ಹೊಡೆದು ಇಳಿದರು. ಇಳಿದವರೇ ಹೊಲದ ಆ ತುದಿಯಿಂದ ಕೂಗಿ ಹೇಳಿದರು: "ನಿನ್ ಗಂಟು ಗಟ್ಟಿ ಕಣವ್ವ!" ಜನ ಚಪ್ಪಾಳೆ ತಟ್ಟಿದರು. ನಾನು ಬದುವಿನ ಆಚೆ ಹೋಗಿ ವಾಂತಿ ಮಾಡಿಕೊಂಡೆ.

ಎರಡು ವರ್ಷ ಹಾರಿಸಿದರು. ಇಂಜಿನ್ನಿನ ಸದ್ದು ಕೇಳಿದರೆ ಸಾಕು, ಒಲೆಯ ಮೇಲಿನ ಹಿಟ್ಟು ತಳ ಹತ್ತಿದರೂ ಬಿಟ್ಟು ಹಿತ್ತಲಿಗೆ ಓಡುತ್ತಿದ್ದೆ. ಇವತ್ತು ಹೇಳಿಬಿಡೋಣ ಎಂದು ಹೊರಡುತ್ತಿದ್ದೆ, ಅವರು ನಗುತ್ತಾ ಎದುರಿಗೆ ಬಂದರೆ ಮಳೆಬೆಳೆಯ ಮಾತಾಡಿ ವಾಪಸ್ಸು ಬರುತ್ತಿದ್ದೆ.

ಆಮೇಲೆ ಅವರ ಕಣ್ಣಿಗೆ ಪೊರೆ ಬಂತು. ವಿಮಾನ ಬಿಚ್ಚಿ ಇಂಜಿನ್ ಮಾರಿದರು. ರೆಕ್ಕೆಯ ಬಟ್ಟೆ ನಾನೇ ಬಿಚ್ಚುತ್ತೇನೆ ಅಂದೆ. ಅವರು ಕೊಟ್ಟಿಗೆಯ ಆ ಮೂಲೆಯಲ್ಲಿ ಬೆನ್ನು ತಿರುಗಿಸಿಕೊಂಡು ಸ್ಪ್ಯಾನರು ಒರೆಸುತ್ತಿದ್ದರು. ತುದಿಯಿಂದ ಮೂರನೆಯ ಪಕ್ಕೆಲುಬಿನ ಪಟ್ಟಿ ಸೀಳಿ, ಎಳೆ ಹಿಡಿದು ಮೆಲ್ಲಗೆ ಜಗ್ಗಿದೆ.

ಸರ್ರನೆ ಬಂತು...

"ಬಂತೇನವ್ವ ಬಟ್ಟೆ?" ಎಂದು ಅಲ್ಲಿಂದಲೇ ಕೇಳಿದರು.

"ಬಂತು ಕಣ್ರಯ್ಯ" ಎಂದು ದಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಅವರು ಹೋಗಿ ಎಷ್ಟೋ ವರ್ಷವಾಯಿತು. ಕೊನೆಗಾಲದಲ್ಲಿ ನೋಡಲು ಹೋಗಿದ್ದಾಗ, ಮಗ್ಗುಲಲ್ಲಿ ಕೂತವರಿಗೆ "ಇವಳ ಗಂಟು ನಂಬ್ಕಂಡೇ ನಾನು ಆರಿದ್ದು" ಎಂದರು. ನಾನು ತಲೆ ತಗ್ಗಿಸಿದೆ. ನಾಚಿಕೆ ಅಂದುಕೊಂಡರು ಎಲ್ಲರೂ. ಕೇಳಿಸಿಕೊಂಡು ಬಯ್ಯಬೇಕಾದವರು ಅವರೊಬ್ಬರೇ ಆಗಿದ್ದರು, ಅವರೇ ಇಲ್ಲ.

ಮೊಮ್ಮಗಳು ಸೀಸೆ ಮುಚ್ಚಿ ಒಳಗೆ ಹೋದಳು. ಆಕಾಶದಲ್ಲಿ ಎಲ್ಲೋ ವಿಮಾನದ ಸದ್ದಾಯಿತು. ನಾನು ಅಂಗಳಕ್ಕಿಳಿದು, ಹಣೆಗೆ ಕೈ ಅಡ್ಡ ಹಿಡಿದು, ಅದು ಕಣ್ಮರೆಯಾಗುವ ತನಕ ಬಲರೆಕ್ಕೆಯನ್ನೇ ನೋಡುತ್ತಾ ನಿಂತೆ.