ಹಿತ್ತಿಲಿಗೆ ಬರುತ್ತಿದ್ದ ನವರಂಗ

ಅಕ್ಟೋಬರ್ 12, ಭಾನುವಾರ. ಬೆಳಿಗ್ಗೆ ಆರೂ ಹತ್ತಕ್ಕೆ ಬರೆಯಲು ಕೂತಿದ್ದೇನೆ. ಮಂಡ್ಯದ ನಮ್ಮ ಬೀದಿಯಲ್ಲಿ ಯಾರೋ ಎಲೆ ಗುಡ್ಡೆ ಹಾಕಿ ಬೆಂಕಿ ಇಟ್ಟಿದ್ದಾರೆ. ಇಬ್ಬನಿಗೆ ನೆನೆದ ಎಲೆ ಉರಿಯಲಾರದೆ ಕಾರುವ ಆ ಕಹಿ ಹೊಗೆ ಕಿಟಕಿಯಿಂದ ಒಳಗೆ ಬಂತೆಂದರೆ ನಾನು ಮತ್ತೆ ಹೊಳೆದಂಡೆಯ ಬ್ಲಫ್ ಕಾಲೊನಿಯ ಹಿತ್ತಿಲಲ್ಲಿರುತ್ತೇನೆ. ದೊಡ್ಡಪ್ಪ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಶಿಫ್ಟ್ ಕೆಲಸದಲ್ಲಿದ್ದರು. ಪೂರಿಗಾಲಿಯಿಂದ ಅಪ್ಪ ಅವ್ವ ನನ್ನನ್ನು ಓದಿಗೆಂದು ಅವರ ಕ್ವಾರ್ಟರ್ಸಿನಲ್ಲಿ ಬಿಟ್ಟಿದ್ದರು. ಹೆಂಚಿನ ಮನೆ, ಗೋಡೆಯೊಳಗೂ ಕೇಳುವ ನೀರಿನ ಮೊರೆತ, ಹಿಂದೆ ಎರಡು ಹೊಂಗೆ, ಒಂದು ಹಳೆಯ ಮಾವು, ಅದರಾಚೆ ಬೇಲಿ, ಬೇಲಿಯಾಚೆ ಕಾಡು.

ಪ್ರತಿವರ್ಷ ದಸರೆಯ ಆಸುಪಾಸಿನಲ್ಲಿ ಆ ಕಾಡಿನಿಂದ ಒಂದು ನವರಂಗ ಹಕ್ಕಿ ನಮ್ಮ ಹಿತ್ತಿಲಿಗೆ ಬರುತ್ತಿತ್ತು. ಹಸಿರು ಬೆನ್ನು, ಭುಜದಲ್ಲಿ ಮಿನುಗುವ ನೀಲಿ, ಕಣ್ಣಿಗೆ ದಪ್ಪ ಕಾಡಿಗೆ, ಮೋಟು ಬಾಲದ ಕೆಳಗೆ ಕುಂಕುಮ ಚೆಲ್ಲಿದಂಥ ಕೆಂಪು. ಅಷ್ಟು ಬಣ್ಣವಿದ್ದೂ ನೆಲಕ್ಕಿಳಿದರೆ ಕಾಣುತ್ತಿರಲಿಲ್ಲ. ತರಗೆಲೆ ಮಗುಚಿ ಹುಳು ಹೆಕ್ಕುತ್ತಾ ಕುಪ್ಪಳಿಸುವುದೇ ಅದರ ಬದುಕು. ಅದಕ್ಕೇ ದೊಡ್ಡಮ್ಮ ದಸರೆಗೆ ಇಡೀ ಮನೆ ತೊಳೆದರೂ ಯುಗಾದಿಯವರೆಗೆ ಹಿತ್ತಿಲಿಗೆ ಪೊರಕೆ ಮುಟ್ಟಿಸುತ್ತಿರಲಿಲ್ಲ. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ, “ಏನ್ ಕಣಕ್ಕಾ, ನಿಮ್ಮನೇಲಿ ಪರ್ಕೆ ಇಲ್ವಾ?” ಎಂದು ಚುಚ್ಚಿದರೆ, “ಪರ್ಕೆ ಐತೆ ಕಣಮ್ಮ. ಗುಡಿಸ್ಬುಟ್ರೆ ನಮ್ ನೆಂಟಂಗೆ ನೀನ್ ಉಣ್ಣಾಕಿಕ್ತೀಯಾ?” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಬೆಳಕು ಹರಿಯುವಾಗ ಹಿತ್ತಿಲ ಬಾಗಿಲಿನ ಮೆಟ್ಟಿಲ ಮೇಲೆ ಅವಳು ಅವರೆಕಾಯಿ ಸುಲಿಯುತ್ತಾ ಕೂರುವಳು. ಅವಳ ಬೆನ್ನಿಗೆ ಅಂಟಿಕೊಂಡು ನಾನು. “ಅಕ್ಕೀನ ಉಡುಕ್ಬ್ಯಾಡ ಮಗಾ, ಅಲ್ಲಾಡೋ ಎಲೆ ನೋಡು,” ಎಂದು ಪಿಸುಗುಟ್ಟುವಳು. ಹಕ್ಕಿಗಳ ಲೆಕ್ಕ ಬರೆಯುವ ನನ್ನ ಅಭ್ಯಾಸ ಶುರುವಾದದ್ದು ಆ ಮೆಟ್ಟಿಲಲ್ಲಿ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಚೆಂಡು ಉರುಳಿ ತರಗೆಲೆಯೊಳಗೆ ಹೋಯಿತು. ಕೈ ಹಾಕಿದೆ. ಒಳಗಿನಿಂದ ಕುಕ್ಕರ್ ಬುಸುಗುಟ್ಟಿದಂಥ ಸದ್ದು. ಮಂಡಲದ ಹಾವು. ದೊಡ್ಡಮ್ಮ ರಟ್ಟೆ ಹಿಡಿದು ಎಳೆದ ರಭಸಕ್ಕೆ ನಾನು ಮೆಟ್ಟಿಲ ಮೇಲೆ ಬಿದ್ದೆ. ನನ್ನ ಬೆರಳುಗಳನ್ನು ಒಂದೊಂದಾಗಿ ತಿರುವಿ ನೋಡಿ, ಕಚ್ಚಿಲ್ಲವೆಂದು ಖಾತ್ರಿಯಾದ ಮೇಲೆ ಅತ್ತಳು. ಮರುದಿನ ತಾನೇ ಪೊರಕೆ ಹಿಡಿದು ಎಲೆಯನ್ನೆಲ್ಲ ಗುಡ್ಡೆ ಮಾಡಿ ಬೆಂಕಿ ಇಟ್ಟಳು. ದೊಡ್ಡಪ್ಪ, “ಅಕ್ಕಿ?” ಎಂದಷ್ಟೇ ಕೇಳಿದರು. “ಅದುಕ್ಕೆ ರೆಕ್ಕೆ ಐತೆ, ಎಲ್ಲಾದ್ರೂ ಓಯ್ತದೆ. ಈ ಮಗೀಗೇನಾರ ಆದ್ರೆ ಅವರವ್ವಂಗೆ ಏನಂತ ಯೋಳ್ಲಿ?” ಎಂದಳು. ಮೂರನೆಯ ದಿನ ನವರಂಗ ಬೇಲಿಗೂಟದ ಮೇಲೆ ಬಂದು ಕೂತು, ಬೋಳು ನೆಲ ನೋಡಿ, ಬಾಲವನ್ನೊಮ್ಮೆ ಮೆಲ್ಲಗೆ ಆಡಿಸಿ ಹೋಯಿತು. ಮತ್ತೆ ಬರಲಿಲ್ಲ. ನಾನು ತಪ್ಪು ಮಾಡಿರಲಿಲ್ಲ, ಗೊತ್ತು. ಆದರೆ ಅವಳು ಕಳೆದುಕೊಂಡದ್ದು ನನಗಾಗಿ. ಒಮ್ಮೆಯಾದರೂ ಬೈದಿದ್ದರೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ.

ಮುಂದಿನ ವರ್ಷ ದೊಡ್ಡಪ್ಪ ದೊಡ್ಡಮ್ಮನಿಗೂ ಹೇಳದೆ ಅಪ್ಪನಿಗೆ ಫೋನು ಮಾಡಿ, ಪೂರಿಗಾಲಿಯ ಗದ್ದೆಯಿಂದ ಒಂದು ಟ್ರೇಲರ್ ಕಬ್ಬಿನ ತರಗು ತರಿಸಿ ಬೇಲಿಯುದ್ದಕ್ಕೂ ಹರಡಿದರು. ನಾನು ಆ ಕಡೆ ಸುಳಿಯದಂತೆ ಅಡ್ಡಲಾಗಿ ಬಲೆಯನ್ನೂ ಕಟ್ಟಿದರು. ದೊಡ್ಡಮ್ಮ ಸೊಂಟದ ಮೇಲೆ ಕೈ ಇಟ್ಟು ನಿಂತು, “ಇದೇನು, ಅಕ್ಕಿ ಕರೀತಿದ್ದೀರೋ ಎಮ್ಮೆ ಕರೀತಿದ್ದೀರೋ?” ಎಂದು ನಕ್ಕಳು. ಕತ್ತಿಯಂಚಿನ ಒಣ ಗರಿ. ಅದರಲ್ಲಿ ಹುಳುವೆಲ್ಲಿ? ಇಲಿ ಬಂದವು, ಗೊರವಂಕ ಬಂದವು. ಆದರೂ ಅವಳು ದಿನಾ ಸಂಜೆ ಅದಕ್ಕೆ ಒಂದು ಕೊಡ ನೀರು ಚಿಮುಕಿಸುತ್ತಿದ್ದಳು. “ಕೊಳೀಲಿ ಬುಡು. ಕೊಳೆತ್ರೆ ಉಳ ಆಯ್ತದೆ, ಉಳ ಆದ್ರೆ ಅದೂ ಬತ್ತದೆ.” ಹಾಗೆ ಎರಡು ವರ್ಷ. ತರಗು ಕಪ್ಪಾಗಿ, ಅಡಿಯಲ್ಲಿ ಎರೆಹುಳು ಕಂಡ ಬೇಸಿಗೆಯಲ್ಲೇ ದೊಡ್ಡಪ್ಪ ನಿವೃತ್ತರಾದರು. ದಸರೆಗೆ ಮುಂಚೆ ಮನೆ ಖಾಲಿ ಮಾಡಿದೆವು.

ಆಮೇಲೆ ಅವರು ಮಳವಳ್ಳಿಯಲ್ಲಿದ್ದರು. ಕಾಲೇಜಿಗೆ ಸೇರಿದ ಮೇಲೆ ನಾನು ಬೈನಾಕ್ಯುಲರ್ ಹಿಡಿದು ಹೊಳೆದಂಡೆಯ ಕಾಡು ಸುತ್ತತೊಡಗಿದೆ. ಒಂದು ಮುಂಜಾನೆ ನವರಂಗವನ್ನು ಕಂಡು, ನೇರ ಬಸ್ಸು ಹತ್ತಿ ಅವಳ ಬಳಿ ಓಡಿದ್ದೆ. “ನಮ್ಮಿತ್ಲಲ್ಲಿ ಕಂಡ್ತಾ?” ಎಂದಳು ದೊಡ್ಡಮ್ಮ. ಸುಳ್ಳು ಹೇಳಬಹುದಿತ್ತು. “ಇಲ್ಲ, ಕಾಡಲ್ಲಿ,” ಎಂದೆ. “ಇರ್ಲಿ ಬುಡು ಮಗಾ, ಎಲ್ಲೋ ಒಂದ್ಕಡೆ ಉಂಡ್ಕಂಡದಲ್ಲ,” ಎಂದು ನನ್ನ ತಲೆ ಸವರಿದಳು. ಈ ಬೇಸಿಗೆಯಲ್ಲಿ ಅವಳು ತೀರಿಕೊಂಡಳು.

ಆ ಮನೆ ಈಗ ಬಿದ್ದುಹೋಗಿದೆಯಂತೆ. ನಮ್ಮ ನಂತರ ಅಲ್ಲಿ ವಾಸವಿದ್ದವರಾಗಲಿ, ಅಕ್ಕಪಕ್ಕದವರಾಗಲಿ ಇದನ್ನು ಓದುತ್ತಿದ್ದರೆ ಒಂದು ಮಾತು ಬರೆದು ತಿಳಿಸಿ: ನಾವು ಬಿಟ್ಟುಬಂದ ಆ ದಸರೆಗೋ, ಅದರ ಮುಂದಿನದಕ್ಕೋ, ಬೇಲಿಯ ಪಕ್ಕದ ಕರಿಮಣ್ಣಿಗೆ ಆ ಹಕ್ಕಿ ಇಳಿದಿತ್ತೇ? ತಾರೀಖು ನೆನಪಿಲ್ಲದಿದ್ದರೂ ಪರವಾಗಿಲ್ಲ. ಬರಲಿಲ್ಲವಾದರೆ, ಬರಲಿಲ್ಲವೆಂದೇ ಬರೆಯಿರಿ.